ಕೋಟೆ, ಮಳೆ ಮತ್ತು ಲೋಕಲ್ ಗಾಡಿ

ಚಳಿಗಾಲ ಬಂತೆಂದರೆ ಅಮೆರಿಕದಲ್ಲೋ ಕೆನಡಾದಲ್ಲೋ ನೆಲೆಸಿರುವ ನಮ್ಮವರ ಮಕ್ಕಳಿಂದ ಒಂದೇ ಬಗೆಯ ಸುದ್ದಿ ಬರತೊಡಗುತ್ತದೆ. ನಿನ್ನೆ ರಾತ್ರಿಯಿಂದ ಹಿಮ ಬೀಳುತ್ತಿದೆ, ರೈಲು ನಿಂತಿದೆ, ಮಕ್ಕಳ ಶಾಲೆಗೆ ರಜೆ, ಆಫೀಸಿಗೆ ಹೋಗುವಂತಿಲ್ಲ. ಇಲ್ಲಿ ಡೊಂಬಿವಲಿಯಲ್ಲೋ ಬೊರಿವಲಿಯಲ್ಲೋ ಕುಳಿತು ಇದನ್ನು ಕೇಳುವ ಅಜ್ಜಿಗೆ ಮೊದಲು ಗಾಬರಿ, ಆಮೇಲೆ ನಗು. “ಇದೆಲ್ಲ ನಮಗೆ ಜುಲೈ ತಿಂಗಳಲ್ಲಿ ಆಗುವುದೇ ಅಲ್ಲವಾ ಮಗಾ?” ಎನ್ನುತ್ತಾಳೆ.

ಅಜ್ಜಿಯ ಮಾತು ಸರಿಯೇ. ಮುಂಬಯಿಗೆ ಚಳಿಗಾಲವೆಂಬುದು ಹೆಸರಿಗೆ ಮಾತ್ರ. 1962ರ ಜನವರಿ 22ರಂದು ಸಾಂತಾಕ್ರೂಜಿನಲ್ಲಿ ಉಷ್ಣತೆ 7.4 ಡಿಗ್ರಿಗೆ ಇಳಿದಿತ್ತು. ಈ ನಗರದ ಚಳಿಯ ದಾಖಲೆ ಅದೇ. ಅಷ್ಟು ಚಳಿಗೆ ಒಂದು ಹೊದಿಕೆ ಹೆಚ್ಚು ಬೇಕಾದೀತೇ ಹೊರತು ಹಳಿಯ ಮೇಲಿನ ಗಾಡಿ ನಿಲ್ಲುವುದಿಲ್ಲ. ಪರದೇಶದಲ್ಲಿ ಹಿಮ ಮಾಡುವ ಕೆಲಸವನ್ನು ಇಲ್ಲಿ ಮಳೆ ಮಾಡುತ್ತದೆ. ಅಲ್ಲಿಯವರಿಗೆ ಡಿಸೆಂಬರಿನಲ್ಲಿ ಬರುವ ಸಂಕಟ ನಮಗೆ ಜೂನ್ ತಿಂಗಳಲ್ಲಿ, ಬೇಸಗೆ ರಜೆ ಮುಗಿದು ಶಾಲೆಯ ಬಾಗಿಲು ತೆರೆಯುವ ಹೊತ್ತಿಗೇ ಬರುತ್ತದೆ.

ಇದರಲ್ಲಿ ಒಂದು ವಿಷಯ ನಮ್ಮನ್ನು ಬಹಳ ದಿನಗಳಿಂದ ಕಾಡುತ್ತಿದೆ. ನಮ್ಮ ಹಿರಿಯರೂ ಇದೇ ಫೋರ್ಟಿನಲ್ಲಿ ದುಡಿದವರು, ಇದೇ ಮಳೆಯಲ್ಲಿ ನೆನೆದವರು. ಆದರೂ ಮಳೆಯಿಂದಾಗಿ ಬಿಡಾರ ಸೇರಲಾಗಲಿಲ್ಲ ಎಂಬ ಮಾತನ್ನು ನಾವು ಅವರ ಬಾಯಿಂದ ಕೇಳಿದ್ದು ಅಪರೂಪ. ನಮ್ಮ ಕಾಲಕ್ಕೆ ಅದು ವರ್ಷವರ್ಷದ ಮಾತಾಯಿತು. ಮಳೆಯೇನು ಆಗ ಕಡಿಮೆಯಿತ್ತೇ? ಇಲ್ಲ. ಹಾಗಾದರೆ ಬದಲಾದದ್ದು ಏನು? ಇದನ್ನು ತಿಳಿಯಬೇಕಾದರೆ ಫೋರ್ಟಿನ ಕಥೆಯನ್ನೂ ನಾವು ಇಲ್ಲಿಗೆ ಬಂದ ಕಥೆಯನ್ನೂ ಒಟ್ಟಿಗೆ ನೋಡಬೇಕು.

ನೀರಿನಿಂದ ಪಡೆದ ನೆಲ

ಇಂದು ಫೋರ್ಟ್ ಎಂದು ಕರೆಯುವ ಭಾಗಕ್ಕೆ ಒಂದು ಕಾಲದಲ್ಲಿ ನಿಜವಾಗಿಯೂ ಕೋಟೆಯಿತ್ತು. ಸುತ್ತ ಗೋಡೆ, ಗೋಡೆಯ ಹೊರಗೆ ಕಂದಕ, ಒಳಗೆ ಹೋಗಲು ಅಪೊಲೊ ಗೇಟ್, ಚರ್ಚ್ ಗೇಟ್, ಬಜಾರ್ ಗೇಟ್ ಎಂಬ ಮೂರು ಬಾಗಿಲುಗಳು. 1860ರ ದಶಕದಲ್ಲಿ, ಸರ್ ಬಾರ್ಟಲ್ ಫ್ರಿಯರ್ ಗವರ್ನರನಾಗಿದ್ದಾಗ, ಗೋಡೆಗಳನ್ನು ಕೆಡವಿದರು. ಕೋಟೆ ಹೋಯಿತು, ಹೆಸರು ಉಳಿಯಿತು. ಚರ್ಚ್‌ಗೇಟಿನಲ್ಲಿ ಇಳಿಯುವ ಲಕ್ಷಾಂತರ ಜನರಲ್ಲಿ ಅಲ್ಲಿ ಒಂದು ಗೇಟು ಇತ್ತೆಂದು ನೆನೆಯುವವರು ಎಷ್ಟು ಮಂದಿಯೋ!

ಮುಂಬಯಿ ಒಂದೇ ನೆಲವಲ್ಲ, ಏಳು ದ್ವೀಪಗಳನ್ನು ಸೇರಿಸಿ ಮಾಡಿದ ನಗರ ಎಂಬುದನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಹಾರ್ನ್‌ಬಿ ವೆಲ್ಲಾರ್ಡ್ ಎಂಬ ಒಡ್ಡು ಕಟ್ಟಿ ಮಹಾಲಕ್ಷ್ಮಿ-ವರಳಿಗಳ ನಡುವೆ ನುಗ್ಗುತ್ತಿದ್ದ ಸಮುದ್ರವನ್ನು ತಡೆದರು. 1845ರಲ್ಲಿ ಮಾಹಿಮ್ ಕಾಸ್‌ವೇ ಆಯಿತು. ದ್ವೀಪಗಳ ನಡುವಿನ ತಗ್ಗುಗಳನ್ನು ಮಣ್ಣು ಹಾಕಿ ತುಂಬುತ್ತ ಬಂದರು. ಆದರೆ ನೆಲವನ್ನು ತುಂಬಿದರೂ ಹೆಸರುಗಳು ಹಳೆಯ ಕಥೆಯನ್ನು ಬಿಟ್ಟುಕೊಡಲಿಲ್ಲ. ಪಾಯಧುನಿ ಎಂದರೆ ಕಾಲು ತೊಳೆಯುವ ಜಾಗ. ಉಮರಖಾಡಿಯಲ್ಲಿ ಖಾಡಿ ಎಂಬ ಮಾತೇ ಇದೆ. ಖಾಡಿ ಎಂದರೆ ಸಮುದ್ರದ ಹಿನ್ನೀರು. ಇಂಥ ತಗ್ಗು ನೆಲದ ಮೇಲೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಮಳೆ, ಅದೂ ಹೆಚ್ಚುಕಡಿಮೆ ಎಲ್ಲವೂ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಆ ನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ಹೋದರೆ ಅದರ ತಪ್ಪೇನು?

1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಈ ದೇಶದ ಮೊದಲ ಪ್ರಯಾಣಿಕ ರೈಲು ಹೊರಟಿತು. ಹದಿನಾಲ್ಕು ಡಬ್ಬಿಗಳು, ಸುಮಾರು ನಾಲ್ಕು ನೂರು ಅತಿಥಿಗಳು, 34 ಕಿಲೋಮೀಟರ್ ದಾರಿ. ಆಗ ಕೋಟೆಯ ಗೋಡೆಗಳು ಇನ್ನೂ ನಿಂತಿದ್ದವು. ಮುಂದೆ ಬೋರಿ ಬಂದರಿನ ಬಳಿಯಲ್ಲಿಯೇ ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 1878ರಿಂದ 1888ರವರೆಗೆ ಕಟ್ಟಿದ್ದೇ ನಮ್ಮೆಲ್ಲರ ವಿ.ಟಿ. 1996ರಲ್ಲಿ ಅದು ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು, 2017ರಲ್ಲಿ ಹೆಸರಿಗೆ ‘ಮಹಾರಾಜ್’ ಎಂಬ ಗೌರವವೂ ಸೇರಿತು. ಆದರೂ ಹಳಬರ ಬಾಯಲ್ಲಿ ವಿ.ಟಿ. ಎಂಬ ಎರಡಕ್ಷರ ಇನ್ನೂ ಹೋಗಿಲ್ಲ.

ನಮ್ಮವರು ಬಂದಾಗ

ದಕ್ಷಿಣ ಕನ್ನಡದಿಂದ ನಮ್ಮವರು ಮುಂಬಯಿಗೆ ಬಂದ ಕಾಲದಲ್ಲಿ ಊರಿಗೂ ಈ ನಗರಕ್ಕೂ ನಡುವೆ ನೇರ ರೈಲು ಇರಲಿಲ್ಲ. ಕರಾವಳಿಯ ಬಂದರುಗಳಿಂದ ಹಡಗು ಹಿಡಿದು ಬರುವುದೇ ಅನೇಕರಿಗಿದ್ದ ದಾರಿ. ಮಳೆಗಾಲ ಬಂತೆಂದರೆ ಸಮುದ್ರ ಕೆರಳುತ್ತಿತ್ತು, ಹಡಗಿನ ಓಡಾಟ ನಿಲ್ಲುತ್ತಿತ್ತು. ಆದ್ದರಿಂದ ಊರಿಗೆ ಹೋಗುವವರು ಮಳೆಗೆ ಮೊದಲೇ ಹೋಗಿ ಬರಬೇಕು, ಇಲ್ಲವೇ ಮಳೆ ಕಳೆಯುವವರೆಗೆ ಕಾಯಬೇಕು. ಊರಲ್ಲಿ ಆಟಿ ತಿಂಗಳ ಕಷ್ಟ, ಕಣಜ ಬರಿದಾಗುವ ಕಾಲ. ಇಲ್ಲಿಂದ ಕಳಿಸುವ ಮನಿಯಾರ್ಡರು ಅದೇ ಹೊತ್ತಿಗೆ ಬೇಕು. ಹೀಗೆ ಮಳೆ ನಮ್ಮವರನ್ನು ಮೊದಲು ತಡೆದದ್ದು ಸಮುದ್ರದಲ್ಲಿ, ಹಳಿಯ ಮೇಲಲ್ಲ.

ಮುಂಬಯಿಗೆ ಬಂದು ಇಳಿದ ಮೇಲೆ ಮಳೆಯ ಭಯವಿರಲಿಲ್ಲ. ಮಂಗಳೂರು-ಉಡುಪಿ ಕಡೆಯ ಮಳೆ ಮುಂಬಯಿಯ ಮಳೆಗಿಂತ ಹೆಚ್ಚು. ಮಳೆಯಲ್ಲೇ ಹುಟ್ಟಿ ಬೆಳೆದವರಿಗೆ ಇದೊಂದು ಲೆಕ್ಕವೇ? ಅದಕ್ಕಿಂತ ದೊಡ್ಡ ಕಾರಣ ಬೇರೆಯಿತ್ತು. ಫೋರ್ಟಿನ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರು ಹೋಟೆಲಿನಲ್ಲೇ ಮಲಗುತ್ತಿದ್ದರು. ಕೊನೆಯ ಗಿರಾಕಿ ಎದ್ದು ಹೋದ ಮೇಲೆ ಮೇಜುಗಳನ್ನು ಜೋಡಿಸಿ ಅದರ ಮೇಲೆ ಚಾಪೆ ಬಿಡಿಸಿದರೆ ಅದೇ ಮನೆ. ಆಫೀಸುಗಳಲ್ಲಿ ಗುಮಾಸ್ತರಾಗಿದ್ದವರು ನಾಲ್ಕಾರು ಮಂದಿ ಸೇರಿ ಹತ್ತಿರದ ಚಾಳಿನಲ್ಲಿ ಒಂದು ಖೋಲಿ ಹಿಡಿಯುತ್ತಿದ್ದರು. ಕೆಲಸಕ್ಕೂ ಬಿಡಾರಕ್ಕೂ ನಡುವೆ ಇದ್ದದ್ದು ಕಾಲುನಡಿಗೆಯ ದೂರ, ಬಹಳವೆಂದರೆ ಟ್ರಾಮಿನ ದೂರ. 1874ರಲ್ಲಿ ಕುದುರೆ ಎಳೆಯುವ ಟ್ರಾಮು ಬಂದಿತ್ತು, 1907ರಲ್ಲಿ ವಿದ್ಯುತ್ ಟ್ರಾಮು. ಟ್ರಾಮು ನಿಂತರೆ ಛತ್ರಿ ಬಿಡಿಸಿ ನಡೆದರಾಯಿತು.

ಶಾಲೆಯ ಮಾತೂ ಹೀಗೆಯೇ. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗ ಸಂಜೆ ಕೈಯೊರಸಿಕೊಂಡು ರಾತ್ರಿ ಶಾಲೆಗೆ ಹೋಗುತ್ತಿದ್ದ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಷನ್ ಮೊದಲಾದ ನಮ್ಮ ಸಂಸ್ಥೆಗಳು ನಡೆಸಿದ ಕನ್ನಡ ರಾತ್ರಿ ಶಾಲೆಗಳ ಋಣವನ್ನು ಮುಂಬಯಿ ಕನ್ನಡಿಗರು ಮರೆಯುವಂತಿಲ್ಲ. ಫೋರ್ಟ್ ಪರಿಸರದ ರಾತ್ರಿ ಶಾಲೆಗಳಲ್ಲಿ ಕಲಿತು ಬ್ಯಾಂಕು, ವಕೀಲಿ, ಸ್ವಂತ ಹೋಟೆಲು ಎಂದು ಮೇಲೆ ಬಂದವರು ನಮ್ಮ ಸಂಘಗಳಲ್ಲಿ ಎಷ್ಟೋ ಮಂದಿ ಇದ್ದರು. ಶಾಲೆ, ಕೆಲಸ, ಮಲಗುವ ಜಾಗ ಮೂರೂ ಒಂದೆರಡು ಫರ್ಲಾಂಗಿನೊಳಗೆ ಇದ್ದಾಗ ಮಳೆ ಹುಡುಗನ ಅಂಗಿಯನ್ನು ನೆನೆಸಬಹುದು, ಅವನ ಪಾಠವನ್ನು ತಪ್ಪಿಸಲಾರದು.

ಆ ಕಾಲ ಸುಖದ ಕಾಲವೆಂದು ನಾವು ಹೇಳುತ್ತಿಲ್ಲ. ಹೆಂಡತಿ ಮಕ್ಕಳು ಊರಲ್ಲಿ, ತಾನು ಇಲ್ಲಿ ಮೇಜಿನ ಮೇಲೆ. ಅದು ಯಾರಿಗೂ ಬೇಡದ ಬಾಳು. ಮಳೆಗೆ ಅವರು ಹೆದರಲಿಲ್ಲ, ಏಕೆಂದರೆ ಮಳೆ ದಾಟಿ ಹೋಗಿ ಸೇರಬೇಕಾದ ಮನೆಯೇ ಅವರಿಗೆ ಇಲ್ಲಿ ಇರಲಿಲ್ಲ.

ದೂರ ಬೆಳೆದ ಬಗೆ

1925ರ ಫೆಬ್ರವರಿ 3ರಂದು ವಿ.ಟಿ.ಯಿಂದ ಕುರ್ಲಾಕ್ಕೆ ಹಾರ್ಬರ್ ಮಾರ್ಗದಲ್ಲಿ ಮೊದಲ ವಿದ್ಯುತ್ ರೈಲು ಓಡಿತು. 1928ರ ಜನವರಿಯಲ್ಲಿ ಪಶ್ಚಿಮದ ಮಾರ್ಗದಲ್ಲಿ ಕೊಲಾಬಾದಿಂದ ಬೊರಿವಲಿಗೆ ವಿದ್ಯುತ್ ಗಾಡಿ ಬಂತು. ಕೊಲಾಬಾ ನಿಲ್ದಾಣವನ್ನು ಮುಚ್ಚಿದ ಮೇಲೆ ಚರ್ಚ್‌ಗೇಟೇ ಕೊನೆಯ ನಿಲ್ದಾಣವಾಯಿತು. ಗಾಡಿಯ ವೇಗ ಹೆಚ್ಚಿದಂತೆ ಊರಿನ ಹರವು ಹೆಚ್ಚಿತು. ಕೈಯಲ್ಲಿ ನಾಲ್ಕು ಕಾಸು ಆದ ನಮ್ಮವರು ಹೆಂಡತಿ ಮಕ್ಕಳನ್ನು ಕರೆತಂದರು. ಸಂಸಾರವೆಂದ ಮೇಲೆ ಮೇಜಿನ ಮೇಲೆ ಮಲಗಲಾದೀತೇ? ಮೊದಲು ಮಾಟುಂಗಾ, ದಾದರ್. ಆಮೇಲೆ ಚೆಂಬೂರು, ಘಾಟ್ಕೋಪರ್, ಸಾಂತಾಕ್ರೂಜ್. ಅನಂತರ ಮುಲುಂಡ್, ಠಾಣೆ, ಡೊಂಬಿವಲಿ, ಬೊರಿವಲಿ, ಮೀರಾ ರೋಡ್, ವಸಾಯಿ. ಬಾಡಿಗೆಯೂ ಪಗಡಿಯೂ ನಮ್ಮನ್ನು ಒಂದೊಂದೇ ನಿಲ್ದಾಣ ಹಿಂದಕ್ಕೆ ನೂಕುತ್ತ ಹೋದವು.

ಕೆಲಸ ಮಾತ್ರ ಫೋರ್ಟಿನಲ್ಲೇ ಉಳಿಯಿತು. ವಿ.ಟಿ.ಯಿಂದ ಡೊಂಬಿವಲಿಗೆ ಸುಮಾರು 48 ಕಿಲೋಮೀಟರ್, ಚರ್ಚ್‌ಗೇಟಿನಿಂದ ವಿರಾರಿಗೆ 60. ನಮ್ಮ ತಂದೆಯವರು ಛತ್ರಿ ಹಿಡಿದು ನಡೆದ ಎರಡು ಫರ್ಲಾಂಗು ನಮ್ಮ ಕಾಲಕ್ಕೆ ಹೀಗೆ ಬೆಳೆದು ನಿಂತಿತು. ಇಷ್ಟು ದೂರಕ್ಕೂ ನಮಗಿರುವ ಆಧಾರ ಎರಡು ಕಬ್ಬಿಣದ ಹಳಿಗಳು ಮಾತ್ರ. ಅವು ಮುಳುಗಿದರೆ ಮನೆ ಒಂದು ಕಡೆ, ಅನ್ನ ಒಂದು ಕಡೆ.

ಹಳಿ ಮುಳುಗುವುದೇಕೆ? ದಾರಿಯಲ್ಲಿ ತಗ್ಗಿನ ಜಾಗಗಳಿವೆ. ಮಧ್ಯ ರೈಲ್ವೆಯಲ್ಲಿ ಮಸೀದ್, ಪರೇಲ್, ಸಾಯನ್, ಕುರ್ಲಾ, ಹಾರ್ಬರಿನಲ್ಲಿ ಚುನಾಭಟ್ಟಿ, ಪಶ್ಚಿಮದಲ್ಲಿ ವಸಾಯಿ-ನಾಲಾಸೋಪಾರ. ಮಳೆಯ ನೀರು ಮೋರಿಗಳ ಮೂಲಕ ಸಮುದ್ರಕ್ಕೆ ಹೋಗಬೇಕು. ಹಳೆಯ ಮೋರಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕಕ್ಕೆ, ಅದೂ ಸಮುದ್ರ ಇಳಿದಿರುವಾಗ. ಸಮುದ್ರಕ್ಕೆ ಭರತ ಬಂದಿದ್ದರೆ ಮೋರಿಯ ಬಾಯಿ ನೀರಿನೊಳಗೆ; ಒಳಗಿನ ನೀರು ಹೊರಗೆ ಹೋಗುವುದಿರಲಿ, ಹೊರಗಿನದೇ ಒಳಗೆ ಬರುತ್ತದೆ. ಜೋರು ಮಳೆಯೂ ದೊಡ್ಡ ಭರತವೂ ಒಂದೇ ಗಳಿಗೆಗೆ ಕೂಡಿದ ದಿನ ಮುಂಬಯಿ ನಿಲ್ಲುತ್ತದೆ. ಹಳಿಯ ಮೇಲೆ ಕೆಲವೇ ಅಂಗುಲ ನೀರು ನಿಂತರೂ ಸಿಗ್ನಲ್ ಕೆಲಸ ಮಾಡುವುದಿಲ್ಲ, ಹಳಿ ಬದಲಿಸುವ ಯಂತ್ರ ಕೆಡುತ್ತದೆ, ಡಬ್ಬಿಯ ಅಡಿಯಲ್ಲಿರುವ ಮೋಟಾರಿಗೆ ನೀರು ತಗಲುವ ಅಪಾಯ. ಒಂದು ಗಾಡಿ ನಿಂತರೆ ಅದರ ಹಿಂದೆ ಸಾಲಾಗಿ ಎಲ್ಲವೂ ನಿಲ್ಲುತ್ತವೆ.

1974: ಎರಡು ಬಾರಿ ನಿಂತ ರೈಲು

ಫೋರ್ಟಿನ ಮೇಲೆಯೇ ಸುರಿದ ಮಳೆಯಲ್ಲಿ 1974ರ ಜುಲೈ 5ರದು ದೊಡ್ಡದು. ಕೊಲಾಬಾ ವೇಧಶಾಲೆಯಲ್ಲಿ ಅಂದು 24 ಗಂಟೆಗಳಿಗೆ 575.6 ಮಿಲಿಮೀಟರ್ ಮಳೆಯ ದಾಖಲೆಯಾಯಿತು. ಸಾಂತಾಕ್ರೂಜಿನಲ್ಲಿ 375.2. ಎಂದರೆ ವರ್ಷದ ಮಳೆಯ ಕಾಲುಭಾಗಕ್ಕಿಂತ ಹೆಚ್ಚು ಒಂದೇ ದಿನದಲ್ಲಿ ಈ ತುದಿಯ ಮೇಲೆ ಬಿತ್ತು.

ಅದೇ ವರ್ಷದ ಮೇ 8ರಿಂದ 27ರವರೆಗೆ ದೇಶದ ರೈಲ್ವೆ ಕಾರ್ಮಿಕರ ಮುಷ್ಕರ ನಡೆದಿತ್ತು. ಅದರ ಮುಂದಾಳು ಮಂಗಳೂರಿನವರೇ ಆದ ಜಾರ್ಜ್ ಫೆರ್ನಾಂಡಿಸ್. ಬರಿಗೈಯಲ್ಲಿ ಮುಂಬಯಿಗೆ ಬಂದು, ಕಾರ್ಮಿಕರನ್ನು ಸಂಘಟಿಸಿ, 1967ರಲ್ಲಿ ಫೋರ್ಟ್ ಸೇರಿದ ದಕ್ಷಿಣ ಮುಂಬಯಿ ಕ್ಷೇತ್ರದಿಂದಲೇ ಎಸ್. ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿ ಲೋಕಸಭೆಗೆ ಹೋದವರು. ಮೇ ತಿಂಗಳಲ್ಲಿ ಮನುಷ್ಯರು ನಿಲ್ಲಿಸಿದ ಗಾಡಿ, ಜುಲೈಯಲ್ಲಿ ಮಳೆಗೆ ಸಿಕ್ಕಿತು. ಇದೇ ಜಾರ್ಜರು ಮುಂದೆ ರೈಲ್ವೆ ಮಂತ್ರಿಯಾಗಿ ನಮ್ಮ ಊರಿನ ದಾರಿಯನ್ನೇ ಬದಲಿಸಿದರು; ಆ ಮಾತಿಗೆ ಮತ್ತೆ ಬರೋಣ.

ಫೋರ್ಟಿನಲ್ಲಿ ಸುರಿಯದ ಮಳೆ

2005ರ ಜುಲೈ 26 ಮಂಗಳವಾರ. ಈ ದಿನದ ಲೆಕ್ಕ ಒಂದು ವಿಚಿತ್ರ. ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944.2 ಮಿಲಿಮೀಟರ್, ಕೊಲಾಬಾದಲ್ಲಿ ಸುಮಾರು 73. ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರಿನ ಒಳಗೆ ಇಷ್ಟು ಅಂತರ. ಮಧ್ಯಾಹ್ನದ ನಂತರ ಅಲ್ಲಿ ಆಕಾಶ ಕಳಚಿ ಬೀಳುತ್ತಿದ್ದಾಗ, ಇಲ್ಲಿ ಫೋರ್ಟಿನಲ್ಲಿ ಕುಳಿತ ನಮಗೆ ಅದೊಂದು ಸಾಧಾರಣ ಮಳೆಯ ದಿನ.

ಸಂಜೆ ನಾವು ಎಂದಿನಂತೆ ಲೆಕ್ಕದ ಪುಸ್ತಕ ಮುಚ್ಚಿ, ಹಾರ್ನಿಮನ್ ಸರ್ಕಲಿನಿಂದ ವಿ.ಟಿ.ಗೆ ನಡೆದೆವು. ಬೀದಿಯಲ್ಲಿ ಮೊಣಕಾಲುದ್ದ ನೀರೇನೂ ಇರಲಿಲ್ಲ. ನಿಲ್ದಾಣದೊಳಗೆ ಕಾಲಿಟ್ಟಾಗಲೇ ಏನೋ ಆಗಿದೆ ಎಂದು ತಿಳಿದದ್ದು. ಪ್ಲಾಟ್‌ಫಾರ್ಮಿನ ತುಂಬ ಜನ, ಇಂಡಿಕೇಟರಿನಲ್ಲಿ ಒಂದೂ ಗಾಡಿಯಿಲ್ಲ. ಮೊಬೈಲ್ ಫೋನು ಕೈಯಲ್ಲಿದ್ದವರೂ ಅದನ್ನು ಕಿವಿಗೆ ಹಿಡಿದು ಸುಮ್ಮನೆ ನಿಂತಿದ್ದರು, ಸಂಪರ್ಕವೇ ಇಲ್ಲ. ಮಗ ಮುಲುಂಡಿನ ಶಾಲೆಯಲ್ಲಿ, ಮನೆಯಾಕೆ ಒಬ್ಬಳೇ. ಹುಡುಗ ಮನೆಗೆ ಬಂದನೋ ಇಲ್ಲವೋ ಎಂದು ಕೇಳುವುದು ಯಾರನ್ನು?

ಧೈರ್ಯವಿದ್ದವರು ನಡೆಯತೊಡಗಿದರು. ನಾವು ಭಾಯಖಳಾದವರೆಗೆ ನಡೆದು, ಮುಂದೆ ಪರೇಲಿನಲ್ಲಿ ಸೊಂಟದವರೆಗೆ ನೀರಿದೆ ಎಂದು ಎದುರಿನಿಂದ ಬಂದವರು ಹೇಳಿದ ಮೇಲೆ ಹಿಂದಿರುಗಿದೆವು. ಫೋರ್ಟಿನ ಒಂದು ಓಣಿಯಲ್ಲಿ ನಮ್ಮೂರ ಕಡೆಯವರ ಹೋಟೆಲೊಂದರ ಶಟರ್ ಅರ್ಧ ತೆರೆದಿತ್ತು. ಗಲ್ಲಾದಲ್ಲಿ ಕುಳಿತಿದ್ದವರು ನಮ್ಮನ್ನು ಕಂಡು, “ಎಲ್ಲಿಗೆ ಹೋಗ್ತೀರಿ ಮಾರಾಯ್ರೆ, ಒಳಗೆ ಬನ್ನಿ” ಎಂದರು. ಒಳಗೆ ಆಗಲೇ ಮೂವತ್ತು ಮಂದಿ ಇದ್ದರು. ಗುಜರಾತಿ ಗುಮಾಸ್ತ, ಮರಾಠಿ ಟೈಪಿಸ್ಟ್ ಹೆಂಗಸರು ಇಬ್ಬರು, ನಾವು ಕೆಲವರು. ಹುಡುಗರು ಚಹಾ ಕೊಟ್ಟರು, ಅನ್ನ ಸಾರು ಬಡಿಸಿದರು. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಹೆಂಗಸರಿಗೆ ಮಾಳಿಗೆಯ ಕೋಣೆ ಬಿಟ್ಟುಕೊಟ್ಟರು. ಹತ್ತು ಗಂಟೆಗೆ ಮೇಜುಗಳನ್ನು ಜೋಡಿಸಿದರು. ನಾವು ಮೇಜಿನ ಮೇಲೆ ಮಲಗಿದೆವು.

ನಿದ್ದೆ ಬರಲಿಲ್ಲ. ಆ ರಾತ್ರಿ ನಮಗೆ ನಮ್ಮ ತಂದೆಯವರ ನೆನಪಾಯಿತು. ಅವರು ಇದೇ ಫೋರ್ಟಿನಲ್ಲಿ, ಇಂಥದೇ ಮೇಜಿನ ಮೇಲೆ ಎಷ್ಟೋ ಮಳೆಗಾಲ ಕಳೆದಿದ್ದರು. ಅವರು ನಿಶ್ಚಿಂತೆಯಿಂದ ನಿದ್ದೆ ಮಾಡಿರಬೇಕು. ಅವರ ಮನೆ ಎಂಟುನೂರು ಕಿಲೋಮೀಟರ್ ದೂರ, ಆ ರಾತ್ರಿ ಅಲ್ಲಿಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ನಮ್ಮ ಮನೆ ಕೇವಲ ಮೂವತ್ತು ಚಿಲ್ಲರೆ ಕಿಲೋಮೀಟರ್, ಆದರೂ ಹೋಗಲಾಗದು. ಹತ್ತಿರವಿದೆ ಎಂದು ನಂಬಿದ್ದು ದೂರವಾದಾಗ ಆಗುವ ಸಂಕಟ ಬೇರೆ.

ಮರುದಿನ ಸ್ವಲ್ಪ ನಡೆದು, ಸ್ವಲ್ಪ ಲಾರಿ ಹತ್ತಿ, ಮತ್ತೆ ನಡೆದು ಸಂಜೆಗೆ ಮನೆ ಸೇರಿದೆವು. ಮಗ ರಾತ್ರಿಯೆಲ್ಲ ಶಾಲೆಯಲ್ಲೇ ಇದ್ದ. ಟೀಚರಮ್ಮನವರು ತಮ್ಮ ಮನೆಯ ಚಿಂತೆ ಬದಿಗಿಟ್ಟು ಮಕ್ಕಳೊಂದಿಗೆ ಕುಳಿತಿದ್ದರು. ಹೀಗೆ ಅಂದು ನಗರದ ಎಷ್ಟೋ ಶಾಲೆಗಳಲ್ಲಿ ಮಕ್ಕಳು ರಾತ್ರಿ ಕಳೆದರು. ನಾವು ಬದುಕಿ ಬಂದವರು. ಆ ಮಳೆಗೆ ಮುಂಬಯಿಯಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಮಂದಿ, ಮಹಾರಾಷ್ಟ್ರದಲ್ಲಿ ಒಟ್ಟು ಸಾವಿರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಮಿಠಿ ಎಂಬ ನದಿಯೊಂದು ಈ ನಗರದಲ್ಲಿದೆ ಎಂದು ಅನೇಕರಿಗೆ ತಿಳಿದದ್ದೇ ಅದು ಮನೆಯೊಳಗೆ ಬಂದ ಮೇಲೆ.

ಆಮೇಲೆ

ಸರಕಾರ ಮಾಧವ ಚಿತಳೆಯವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಮೋರಿಗಳ ಶಕ್ತಿಯನ್ನು ಗಂಟೆಗೆ 50 ಮಿಲಿಮೀಟರಿಗೆ ಏರಿಸಬೇಕೆಂಬ ಯೋಜನೆ 1993ರಿಂದಲೇ ಕಾಗದದಲ್ಲಿತ್ತು. ಅದಕ್ಕೆ ಈಗ ಜೀವ ಬಂತು. ಹಾಜಿ ಅಲಿ, ಇರ್ಲಾ, ಲವ್ ಗ್ರೋವ್ ಮೊದಲಾದ ಕಡೆ ದೊಡ್ಡ ಪಂಪುಗಳನ್ನು ಕೂಡಿಸಿದರು. ಮಿಠಿಯ ಹೂಳೆತ್ತಿದರು. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಂದು ಬಣ್ಣದ ಎಚ್ಚರಿಕೆ ಕೊಡುತ್ತಿದೆ. ಕೆಂಪು ಬಣ್ಣ ಬಂದರೆ ಮಹಾನಗರಪಾಲಿಕೆ ಶಾಲೆಗಳಿಗೆ ರಜೆ ಸಾರುವುದು ಈಗ ರೂಢಿಯಾಗಿದೆ. ಮಕ್ಕಳ ಮಟ್ಟಿಗೆ ಇದು ಒಳ್ಳೆಯದೇ ಆಯಿತು.

ಆದರೆ ಮಳೆ ಸೋಲೊಪ್ಪಲಿಲ್ಲ. 2017ರ ಆಗಸ್ಟ್ 29ರಂದು, ಗಣೇಶ ಮನೆಯಲ್ಲಿ ಕುಳಿತಿದ್ದಾಗಲೇ, ಮತ್ತೆ ಲೋಕಲ್ ನಿಂತಿತು. 2020ರ ಆಗಸ್ಟ್ 5ರ ಮಳೆಯಂತೂ ಫೋರ್ಟನ್ನೇ ಹುಡುಕಿಕೊಂಡು ಬಂದಂತಿತ್ತು. ಕೊಲಾಬಾದಲ್ಲಿ 331.8 ಮಿಲಿಮೀಟರ್, ಗಂಟೆಗೆ ನೂರು ಕಿಲೋಮೀಟರ್ ಮೀರಿದ ಗಾಳಿ. ಮಸೀದ್ ಬಳಿ ನೀರಿನಲ್ಲಿ ಸಿಕ್ಕಿದ ಎರಡು ಲೋಕಲುಗಳಿಂದ ಜನರನ್ನು ಇಳಿಸಿ ಕರೆತಂದರು. ಅದು ಕೋವಿಡ್ ಕಾಲ, ಗಾಡಿಯಲ್ಲಿದ್ದವರು ಆಸ್ಪತ್ರೆ ಮುಂತಾದ ಅಗತ್ಯ ಸೇವೆಯವರು. ಇಲ್ಲದಿದ್ದರೆ ಗತಿಯೇನಾಗುತ್ತಿತ್ತೋ! 2025ರ ಆಗಸ್ಟ್ 19ರಂದು ಹಳಿಗಳು ಮುಳುಗಿದ್ದಾಗ ಜನ ಮೋನೊರೈಲಿಗೆ ಮುಗಿಬಿದ್ದರು. ಭಾರ ತಾಳದೆ ಅದು ಚೆಂಬೂರಿನ ಮೈಸೂರು ಕಾಲನಿ ನಿಲ್ದಾಣದ ಬಳಿ ಎತ್ತರದಲ್ಲಿ ನಿಂತುಬಿಟ್ಟಿತು. ಐನೂರಕ್ಕೂ ಹೆಚ್ಚು ಮಂದಿಯನ್ನು ಏಣಿ ಹಚ್ಚಿ ಇಳಿಸಬೇಕಾಯಿತು.

ಊರಿನ ದಾರಿಯ ಮಾತು ಹೇಳಿದ್ದೆವಲ್ಲ. ಜಾರ್ಜ್ ಫೆರ್ನಾಂಡಿಸರು ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಇ. ಶ್ರೀಧರನ್‌ರ ಮುಂದಾಳುತನದಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗ ಕೊರೆದು, 1998ರ ಜನವರಿ 26ರಂದು ರೋಹಾದಿಂದ ಮಂಗಳೂರಿನವರೆಗೆ ಹಳಿ ತೆರೆಯಿತು. ಹಡಗಿನ ಕಾಲದ ಮಳೆಗಾಲದ ಅಡ್ಡಿ ಕೊನೆಗೂ ತೀರಿತೆಂದು ನಾವೆಲ್ಲ ಹಿಗ್ಗಿದೆವು. ಮಳೆ ಅಲ್ಲಿಯೂ ಬಂತು. 2003ರ ಜೂನ್ 22ರಂದು ವೈಭವವಾಡಿಯ ಬಳಿ ಗುಡ್ಡ ಜರಿದು ಕಾರವಾರದಿಂದ ಬರುತ್ತಿದ್ದ ಗಾಡಿ ಬಂಡೆಗೆ ಬಡಿಯಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಜೂನ್ 16ರಂದು ನಮ್ಮ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸೇ ಕರಂಜಾಡಿಯ ಬಳಿ ಹಳಿ ತಪ್ಪಿತು. ಅಂದಿನಿಂದ ಆ ಮಾರ್ಗದಲ್ಲಿ ಮಳೆಗಾಲದ ವೇಳಾಪಟ್ಟಿಯೇ ಬೇರೆ. ಜೋರು ಮಳೆಯಾದರೆ ಗಂಟೆಗೆ 40 ಕಿಲೋಮೀಟರಿಗಿಂತ ವೇಗವಾಗಿ ಓಡುವಂತಿಲ್ಲ. ತಡವಾಯಿತೆಂದು ಗೊಣಗುವ ಮೊದಲು ನಾವು ಇದನ್ನು ನೆನೆಯಬೇಕು. ತಡವಾಗಿ ಬರುವ ಗಾಡಿಯೂ ಬರುವ ಗಾಡಿಯೇ.

ಹಿಮದಿಂದ ಒಂದು ಪಾಠ

ಆರಂಭದಲ್ಲಿ ಹಿಮದ ಮಾತು ಎತ್ತಿದೆವು. ನಮ್ಮ ವಿ.ಟಿ. ಕಟ್ಟಿ ಮುಗಿದ 1888ರ ಮಾರ್ಚ್ ತಿಂಗಳಲ್ಲಿಯೇ ನ್ಯೂಯಾರ್ಕಿನಲ್ಲಿ ಭಾರಿ ಹಿಮಪಾತವಾಯಿತು. ಬೀದಿಯ ಮೇಲೆ ಎತ್ತರದ ಕಂಬಗಳ ಮೇಲೆ ಓಡುತ್ತಿದ್ದ ಗಾಡಿಗಳು ನಡುದಾರಿಯಲ್ಲಿ ನಿಂತು, ಸಾವಿರಾರು ಜನ ಅದರೊಳಗೇ ಸಿಕ್ಕಿಕೊಂಡರು. ನೆಲದ ಅಡಿಯಲ್ಲಿ ರೈಲು ಬೇಕೆಂಬ ಕೂಗಿಗೆ ಆ ಹಿಮಪಾತದ ನೆನಪೂ ಬಲ ಕೊಟ್ಟಿತು. 1904ರ ಅಕ್ಟೋಬರಿನಲ್ಲಿ ಅವರ ಸುರಂಗ ರೈಲು ಓಡಿತು. ಸಂಕಟದಿಂದ ಅವರು ಪಾಠ ಕಲಿತರು, ಹದಿನಾರು ವರ್ಷ ಹಿಡಿದರೂ.

ನಮ್ಮಲ್ಲಿಯೂ ಈಗ ನೆಲದಡಿಯ ಮೆಟ್ರೊ ಬಂದಿದೆ. 2025ರ ಅಕ್ಟೋಬರಿನಿಂದ ಆರೆಯಿಂದ ಕಫ್ ಪರೇಡಿನವರೆಗೆ ಅದು ಓಡುತ್ತಿದ್ದು, ವಿ.ಟಿ., ಹುತಾತ್ಮ ಚೌಕ, ಚರ್ಚ್‌ಗೇಟ್ ಮೂರೂ ಕಡೆ ನಿಲ್ದಾಣಗಳಿವೆ. ಆದರೆ ಮಳೆ ತನ್ನ ಚೀಟಿಯನ್ನು ಮೊದಲೇ ಕಳಿಸಿತ್ತು. ಅದೇ ವರ್ಷ ಮೇ 26ರಂದು, ವಾಡಿಕೆಗಿಂತ ಹದಿನಾರು ದಿನ ಮೊದಲೇ ಮುಂಗಾರು ಮುಂಬಯಿಗೆ ಬಂದಾಗ, ಆ ಮಾರ್ಗದ ವರಳಿಯ ಆಚಾರ್ಯ ಅತ್ರೆ ಚೌಕ ನಿಲ್ದಾಣದೊಳಗೆ ನೀರು ನುಗ್ಗಿತು. ಹಿಮ ನೆಲದ ಮೇಲೆ ಕುಳಿತುಕೊಳ್ಳುತ್ತದೆ. ನೀರು ಕೆಳಗೆ ಇಳಿಯುತ್ತದೆ. ಪರದೇಶದ ಮದ್ದು ನಮ್ಮ ರೋಗಕ್ಕೆ ಹಾಗೆಯೇ ನಾಟುವುದಿಲ್ಲ.

ನಾವು ಮತ್ತೆ ಎಲ್ಲರೂ ಫೋರ್ಟಿಗೆ ಬಂದು ನೆಲೆಸುವುದು ಆಗದ ಮಾತು. ಮೋರಿ ಕಟ್ಟಿಸುವುದು, ಹಳಿ ಎತ್ತರಿಸುವುದು ಸಂಘಸಂಸ್ಥೆಗಳ ಕೈಯಲ್ಲಿಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು. ಕೆಂಪು ಎಚ್ಚರಿಕೆಯ ದಿನ ಶಾಲೆಗೆ ರಜೆ, ದೊಡ್ಡ ಆಫೀಸಿನವರಿಗೆ ಮನೆಯಲ್ಲೇ ಕೆಲಸ. ಹೋಟೆಲಿನ ಹುಡುಗನಿಗೆ, ಅಂಗಡಿಯ ನೌಕರನಿಗೆ, ಆಸ್ಪತ್ರೆಯ ದಾದಿಗೆ, ಕಾವಲುಗಾರನಿಗೆ ರಜೆಯಿಲ್ಲ. ಹೋಗದಿದ್ದರೆ ಆ ದಿನದ ಸಂಬಳವಿಲ್ಲ. ಹಿಂದೆ ಹೋಟೆಲಿನಲ್ಲೇ ಮಲಗುತ್ತಿದ್ದವನು ಈಗ ನಾಲಾಸೋಪಾರದಿಂದಲೋ ಕಲ್ಯಾಣದಿಂದಲೋ ಬರುತ್ತಾನೆ. ದೂರ ಹೆಚ್ಚು ಬೆಳೆದದ್ದು ಅವನಿಗೇ. ನಮ್ಮಲ್ಲಿ ಅನೇಕರು ಇಂದು ಧಣಿಗಳಾಗಿದ್ದಾರೆ. ಅಂಥ ದಿನ ಬರಲಾಗದವನ ಸಂಬಳ ಹಿಡಿಯುವುದಿಲ್ಲ, ಬಂದವನನ್ನು ಮೂರು ಗಂಟೆಗೇ ಕಳಿಸುತ್ತೇವೆ ಎಂದು ಅವರು ತೀರ್ಮಾನಿಸಿದರೆ ಯಾವ ಸರಕಾರದ ಅಪ್ಪಣೆಯೂ ಬೇಕಾಗಿಲ್ಲ.

ಫೋರ್ಟಿನಿಂದ ಉಪನಗರದವರೆಗೆ ನಮ್ಮ ಸಂಘಗಳಿಗೆ ಸಭಾಗೃಹಗಳಿವೆ, ಚಾಪೆಗಳಿವೆ, ದೊಡ್ಡ ಪಾತ್ರೆಗಳಿವೆ. ಮಳೆಗಾಲದಲ್ಲಿ ಅವುಗಳ ಬೀಗದ ಕೈ ನಿಲ್ದಾಣದ ಹತ್ತಿರ ಇರುವ ಒಬ್ಬ ಸದಸ್ಯರ ಬಳಿ ಇರಲಿ, ಆ ಸದಸ್ಯರ ಫೋನ್ ನಂಬರು ಎಲ್ಲರ ಮನೆಯಲ್ಲಿ ಇರಲಿ. 2005ರ ಆ ರಾತ್ರಿ ನಮಗೆ ಬೇಕಾಗಿದ್ದದ್ದು ಒಂದು ಲೋಟ ಚಹಾ, ಮಲಗಲು ಒಂದು ಮೇಜು, ಕರೆಯುವ ಒಂದು ದನಿ. ಆ ಹೋಟೆಲಿನವರು ಅದನ್ನು ಯಾವ ಜಾತಿ, ಯಾವ ಭಾಷೆ ಎಂದು ಕೇಳದೆ ಕೊಟ್ಟರು. ಮುಂದಿನ ಮಳೆಗೆ ಆ ಶಟರನ್ನು ಅರ್ಧ ತೆರೆದಿಡುವ ಸರದಿ ನಮ್ಮದು.